ಕಾರಲ್ಲ, ನಂಬರಿನ ಚಿಂತೆ

ಪುಣೆಯಲ್ಲಿ ಕಂಪನಿಯ ಲೀಸ್ ಕಾರಿನ ಅವಧಿ ಮುಗಿಯಿತು. ‘ಈ ಸಲ ದೊಡ್ಡ ಗಾಡೀನ ತಗೋಳಪಾ’ ಅಂತ ಧಾರವಾಡದಿಂದ ಅಣ್ಣನ ಫೋನು. ನನ್ನ ಚಿಂತೆ ನಂಬರ್ ಪ್ಲೇಟಿನದು. ಎಂಎಚ್ ಗಾಡಿಯಲ್ಲಿ ನಿಪ್ಪಾಣಿ ದಾಟಿದರೆ ಸಾಕು, ನಾನು ಪರದೇಶಿ! ನೋಂದಣಿ ದೇಶವಿಡೀ ಸಲ್ಲುತ್ತದೆ, ಹನ್ನೆರಡು ತಿಂಗಳು ಮೀರಿದರಷ್ಟೇ ಹೊಸ ನಂಬರು ಎನ್ನುತ್ತದೆ 1988ರ ಕಾಯ್ದೆ. ಆದರೂ 2014ರಲ್ಲಿ ನಮ್ಮ ರಾಜ್ಯ ಮೂವತ್ತೇ ದಿನಕ್ಕೆ ಆಜೀವ ತೆರಿಗೆ ಕೇಳಿತು. 2016ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಬೇಕಾಯಿತು.

ಹಾಗಾಗಿ ಲೀಸ್ ಬಿಟ್ಟು, ಸ್ವಂತ ಹೆಸರಲ್ಲಿ ಸಣ್ಣ ಕಾರು ಕೊಂಡು, 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಪಡೆದೆ. ನಾಲ್ಕು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಯವನು, ಬಚಾವಾದೆ. ಇಲ್ಲಿ ಗಾರೆ ಕೆಲಸ ಮಾಡುವ ಕಲಬುರ್ಗಿಯ ಹುಡುಗನ ಬೈಕಿಗೆ ಆ ಭಾಗ್ಯವಿಲ್ಲ. ಗಾಡಿ ತಡೆಯುವವರೇ, ನಂಬರ್ ಓದುವ ಮುಂಚೆ ಅವನ ಕನ್ನಡ ಸ್ವಲ್ಪ ಕೇಳ್ರಿ.