ಕಲ್ಲುಬಂಡಿಗೆ ಚಿತ್ರವುಂಟು, ಉಗಿಬಂಡಿಗೆ ಏಕಿಲ್ಲ?

ಕಲೆ ಮತ್ತು ಸಾಹಿತ್ಯದಲ್ಲಿ ರೈಲಿನ ಚಿತ್ರಣ ಎಂಬ ವಿಷಯವಾಗಿ ನಮ್ಮ ವಿಚಾರಸಂಕಿರಣಗಳಲ್ಲಿ ಮಂಡನೆಯಾಗುವ ಪ್ರಬಂಧಗಳಿಗೆ ಒಂದು ಸಿದ್ಧ ಅಚ್ಚು ಇದೆ. ಟರ್ನರ್ 1844ರಲ್ಲಿ ಪ್ರದರ್ಶಿಸಿದ ಮಳೆ-ಹಬೆಯ ಚಿತ್ರದಿಂದ ಆರಂಭ. ಮೊನೆ 1877ರಲ್ಲಿ ಬಿಡಿಸಿದ ಪ್ಯಾರಿಸ್ಸಿನ ನಿಲ್ದಾಣ. ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’. ಕನ್ನಡದ ಪಾಲಿಗೆ ಶಂಕರನಾಗ್ ‘ಮಾಲ್ಗುಡಿ ಡೇಸ್’ಗಾಗಿ ಆರಿಸಿಕೊಂಡ ಮಲೆನಾಡಿನ ಅರಸಾಳು. ರೈಲೆಂದರೆ ಆಧುನಿಕತೆ, ನಿಲ್ದಾಣವೆಂದರೆ ನಿರೀಕ್ಷೆ, ಸೀಟಿಯೆಂದರೆ ಅಗಲಿಕೆ: ಈ ಮೂರು ಸಮೀಕರಣಗಳೊಡನೆ ಪ್ರಬಂಧ ಮುಗಿಯುತ್ತದೆ. ಈ ನಕಾಶೆಯಲ್ಲಿ ರಾಯಚೂರು ಇಲ್ಲ. ಇದನ್ನು ಮರೆವು ಎಂದು ಕ್ಷಮಿಸಲಾಗದು. ಇದು ನೋಟದ ದೋಷ.

ಮೊದಲು ಇತಿಹಾಸವನ್ನು ನೋಡೋಣ. ಕರ್ನಾಟಕದ ರೈಲು ಚರಿತ್ರೆಯನ್ನು ನಾವು 1864ರ ಬೆಂಗಳೂರು–ಜೋಲಾರಪೇಟೆ ಮಾರ್ಗದಿಂದ ಆರಂಭಿಸಿ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಮುಗಿಸುತ್ತೇವೆ. ಆದರೆ ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಉತ್ತರಕ್ಕೆ ಕೃಷ್ಣೆಗೂ ದಕ್ಷಿಣಕ್ಕೆ ತುಂಗಭದ್ರೆಗೂ ಸೇತುವೆ ಬಿದ್ದಾಗ, ಶತಮಾನಗಳ ಕಾಲ ರಣಭೂಮಿಯಾಗಿದ್ದ ದೋಆಬು ಎರಡು ಬಂದರುಗಳ ನಡುವಿನ ಹಾದಿಯಾಯಿತು. ಇಷ್ಟು ದೊಡ್ಡ ಘಟನೆ ಕನ್ನಡದ ಸ್ಮೃತಿಯಿಂದ ಜಾರಿದ್ದೇಕೆ? ಊರು ಆಗ ನಿಜಾಮರದು, ಕಂಪನಿಗಳು ಇಂಗ್ಲಿಷರವು. 1853ರಲ್ಲಿ ಬ್ರಿಟಿಷರ ವಶಕ್ಕೆ ಹೋದ ದೋಆಬು ಮತ್ತೆ ಹೈದರಾಬಾದಿಗೆ ಮರಳಿದ್ದು 1860ರಲ್ಲಿ. ಮೈಸೂರು ಸಂಸ್ಥಾನದ ಕಣ್ಣಿನಿಂದಲೇ ಕರ್ನಾಟಕವನ್ನು ನೋಡುವ ಅಭ್ಯಾಸಕ್ಕೆ ಇದು ‘ಹೊರಗಿನ’ ಸಂಗತಿಯಾಗಿ ಕಂಡಿತು. 1956ರಲ್ಲಿ ಗಡಿ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ.

ಇನ್ನು ಕಲೆಯ ಮಾತು. ಸಾಗಾಟವನ್ನು ಚಿತ್ರಿಸುವ ಪರಂಪರೆ ನಮ್ಮಲ್ಲಿಲ್ಲ, ಅದು ಪಶ್ಚಿಮದಿಂದ ಬಂದದ್ದು ಎನ್ನುವವರು ಒಮ್ಮೆ ರಾಯಚೂರು ಕೋಟೆಗೆ ಬರಬೇಕು. ಅಲ್ಲಿನ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕ ಉದ್ದದ ಒಂದೇ ಬಂಡೆಯಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಪಕ್ಕದಲ್ಲಿಯೇ ಆ ಬಂಡೆ ಅಲ್ಲಿಗೆ ಬಂದ ಬಗೆಯನ್ನು ಗೀರಿ ತೋರಿಸಲಾಗಿದೆ: ಇಡಿಗಾಲಿಯ ಬಂಡಿ, ಅದಕ್ಕೆ ಹೂಡಿದ ಕೋಣಗಳ ಉದ್ದನೆಯ ಸಾಲು, ಹಿಂದಿನಿಂದ ಸನ್ನೆಗೋಲು ಕೊಟ್ಟು ಗಾಲಿಯನ್ನು ಮುಂದೂಡುವ ಆಳುಗಳು. ಚಿತ್ರದ ವಸ್ತು ರಾಜನ ವೈಭವವಲ್ಲ. ಭಾರ ಮತ್ತು ಅದನ್ನು ಎಳೆದ ದುಡಿಮೆ. ಟರ್ನರನಿಗಿಂತ ಐದೂವರೆ ಶತಮಾನ ಹಿಂದಿನ ಈ ರೇಖೆಗಳನ್ನು ಬಿಟ್ಟು ಸಾಗಾಟದ ಕಲೆಯನ್ನು ಪ್ಯಾರಿಸ್ಸಿನಿಂದ ಆರಂಭಿಸುವುದು ಎಂಥ ವಿದ್ವತ್ತು?

ಆಕ್ಷೇಪವೊಂದು ಬರಬಹುದು: ಆ ಶಾಸನವೂ ಕೋಟೆ ಕಟ್ಟಿಸಿದ ಒಡೆಯರ ಕೀರ್ತಿಗೆಂದೇ ಹುಟ್ಟಿದ್ದು, ಕೋಣ ಹೊಡೆದವರ ಹೆಸರು ಅದರಲ್ಲಿಲ್ಲ. ಒಪ್ಪುವ ಮಾತೇ. ಆದರೆ ಹೆಸರಿಲ್ಲದಿದ್ದರೂ ಮೈಯಿದೆ, ಬಾಗಿದ ಭಂಗಿಯಿದೆ. 1871ರ ಹಳಿಗೆ ಮಣ್ಣು ಹೊತ್ತವರಿಗೆ, ಎರಡು ನದಿಗಳ ಪಾತ್ರದಲ್ಲಿ ಕಂಬ ಎಬ್ಬಿಸಿದವರಿಗೆ ನಮ್ಮ ಕಲಾಚರ್ಚೆ ಅಷ್ಟನ್ನೂ ಕೊಟ್ಟಿಲ್ಲ. ಈಚೆಗೆ ನಿಲ್ದಾಣಗಳ ಗೋಡೆಗಳಿಗೆ ‘ಸ್ಥಳೀಯ ಕಲೆ’ಯ ಬಣ್ಣ ಬಳಿಯುವ ರೂಢಿ ಬಂದಿದೆ. ಕೋಟೆ, ಗುಡಿ, ನರ್ತಕಿ ಎಲ್ಲೆಡೆಯೂ ಬರುತ್ತಾರೆ. ಹಳಿ ಹಾಸಿದವನು ಮಾತ್ರ ತನ್ನದೇ ಗೋಡೆಯ ಮೇಲೆ ಬರುವುದಿಲ್ಲ.

ರೈಲು ಬಾರದ ಊರಿನ ಚರಿತ್ರೆಯೂ ರೈಲಿನ ಚರಿತ್ರೆಯೇ. ಮಾನ್ವಿಯ ಮೂಲಕ ಹಾಯಬೇಕಾದ ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ. 2024ರಲ್ಲಿ ರೈಲು ಸಿಂಧನೂರು ಮುಟ್ಟಿದಾಗಲೂ ಮಾನ್ವಿ ಕಾಯುತ್ತಲೇ ಇತ್ತು. ದಾಸಸಾಹಿತ್ಯದ ವಿದ್ಯಾರ್ಥಿಗಳಿಗೆ ಜಗನ್ನಾಥದಾಸರ ಊರಾಗಿ ಪರಿಚಿತವಾದ ಮಾನ್ವಿಯಲ್ಲಿ ‘ರೈಲು ಬರ್ತದಂತ’ ಎಂಬ ಮಾತನ್ನು ಕೇಳುತ್ತಲೇ ಒಂದು ಪೀಳಿಗೆ ನರೆಯಿತು. ದೇವದುರ್ಗದ ಬಡವರಿಗೆ ರೈಲೆಂದರೆ ಬಸ್ಸಿನಲ್ಲಿ ರಾಯಚೂರಿಗೆ ಬಂದು, ಗಂಟುಮೂಟೆಯೊಡನೆ ಪ್ಲಾಟ್‌ಫಾರಂ ಮೇಲೆ ರಾತ್ರಿ ಕಳೆದು, ಪುಣೆ–ಮುಂಬಯಿಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಸಾಧನ. ಈ ಗುಳೆಯ ರೈಲನ್ನು ಅರಸಾಳಿನ ಹಸಿರು ರೈಲಿನ ಭಾಷೆಯಲ್ಲಿ ಓದಲಾಗದು. ‘ಅಗಲಿಕೆಯ ರೂಪಕ’ ಎಂದು ಬರೆದು ಕೈತೊಳೆದುಕೊಳ್ಳುವುದು ವಿಮರ್ಶೆಯೂ ಆಗದು.

ಸಂಶೋಧನ ವಿದ್ಯಾರ್ಥಿಗಳಿಗೆ ನನ್ನ ಆಗ್ರಹ ಇಷ್ಟು. ಕಂಪನಿಗಳ ಕಾಗದಪತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಿಜಾಮ್ ಸರ್ಕಾರದ ಪಾರಸಿ, ಉರ್ದು ಕಡತಗಳು ಹೈದರಾಬಾದಿನ ಪತ್ರಾಗಾರದಲ್ಲಿವೆ. ಉರ್ದು ಓದಲು ಬಾರದೆ ಹೈದರಾಬಾದ್ ಕರ್ನಾಟಕದ ಆಧುನಿಕತೆಯ ಬಗ್ಗೆ ಪಿಎಚ್.ಡಿ. ಮಾಡುವ ಸೋಗನ್ನು ಬಿಡಬೇಕು. ಅದಕ್ಕಿಂತ ಮೊದಲು ಮಾನ್ವಿ, ದೇವದುರ್ಗದ ಹಳ್ಳಿಗಳಿಗೆ ಹೋಗಿ ಗುಳೆಯ ಹಾಡು, ಬೈಗುಳ, ಗಾದೆಗಳನ್ನು ಬರೆದುಕೊಳ್ಳಬೇಕು. ಕಡತಗಳು ಕಾಯುತ್ತವೆ, ಮುದುಕರು ಕಾಯುವುದಿಲ್ಲ. ಈ ಕೆಲಸವಾಗುವವರೆಗೆ ‘ಕನ್ನಡದಲ್ಲಿ ರೈಲು’ ಎಂಬ ಶೀರ್ಷಿಕೆಯನ್ನು ಬದಲಿಸಿ ‘ಹಳೆಯ ಮೈಸೂರಿನಲ್ಲಿ ರೈಲು’ ಎಂದು ಬರೆಯುವುದೇ ಪ್ರಾಮಾಣಿಕತೆ.