ಬೀಗಕ್ಕಿಂತ ಮೊದಲು ಮದ್ದು

ಹದಿನೈದರ ಹುಡುಗನೊಬ್ಬನು ಕಳವು ಮಾಡಿ ಸಿಕ್ಕಿಬಿದ್ದರೆ ಊರು ಕೇಳುವ ಮೊದಲ ಪ್ರಶ್ನೆ 'ಏನು ಕದ್ದ?' ಎಂಬುದು, ಎರಡನೆಯದು 'ಯಾರ ಮಗ?' ಎಂಬುದು. ಅವನ ಅಂತರಂಗದಲ್ಲಿ ಏನು ನಡೆದಿತ್ತೆಂದು ಕೇಳುವವರು ವಿರಳ. ನಿದ್ರೆಯಿಲ್ಲದ ರಾತ್ರಿಗಳು, ಕುಡುಕ ತಂದೆಯ ಹೊಡೆತ, ಶಾಲೆ ಬಿಟ್ಟ ಮೇಲಿನ ಸಹವಾಸ, ವೈಟ್ನರ್ ಮೂಸುವ ಚಟ, ಇವುಗಳಿಗೆ ದೋಷಾರೋಪ ಪಟ್ಟಿಯಲ್ಲಿ ಸ್ಥಳವಿಲ್ಲ.

ಶಾಸನವಾದರೋ ಈ ವಿಷಯದಲ್ಲಿ ಜನರಿಗಿಂತ ಮೃದುವಾಗಿದೆ. 2015ರ ಬಾಲ ನ್ಯಾಯ ಕಾಯ್ದೆಯು ಮಗುವನ್ನು ಸಂಸ್ಥೆಯಲ್ಲಿರಿಸುವುದನ್ನು ಕಟ್ಟಕಡೆಯ ಉಪಾಯವೆಂದೇ ಪರಿಗಣಿಸಿದೆ. 12ನೆಯ ಕಲಮಿನ ಪ್ರಕಾರ ಜಾಮೀನೇ ನಿಯಮ, ನಿರಾಕರಣೆ ಅಪವಾದ. 18ನೆಯ ಕಲಮಿನ ಪ್ರಕಾರ ಬಾಲ ನ್ಯಾಯ ಮಂಡಳಿಯು ಬಾಲಕನಿಗೆ ಬುದ್ಧಿ ಹೇಳಿ ಮನೆಗೆ ಕಳುಹಿಸಬಹುದು. ಅವನಿಗೂ ತಂದೆತಾಯಿಗಳಿಗೂ ಆಪ್ತಸಮಾಲೋಚನೆ ವಿಧಿಸಬಹುದು. ಚಿಕಿತ್ಸಾ ಕೇಂದ್ರಕ್ಕೋ ವ್ಯಸನಮುಕ್ತಿ ಕಾರ್ಯಕ್ರಮಕ್ಕೋ ಹಾಜರಾಗುವಂತೆ ಆಜ್ಞಾಪಿಸಬಹುದು. ತಂದೆತಾಯಿಗಳನ್ನೂ ಸೇರಿಸಿರುವುದು ಗಮನಾರ್ಹ. ಬೇನೆ ಹುಡುಗನೊಬ್ಬನದೇ ಅಲ್ಲವೆಂಬ ಅರಿವು ಅಲ್ಲಿದೆ.

ಹದಿನಾರು ದಾಟಿದವನು ಘೋರ ಅಪರಾಧವೆಸಗಿದ್ದರೆ, ಅವನ ಮಾನಸಿಕ ಸಾಮರ್ಥ್ಯವನ್ನು ಮಂಡಳಿಯು ಮೊದಲು ತೂಗಿ ನೋಡಬೇಕು. ಮಂಡಳಿಯಲ್ಲಿರುವವರು ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಅವರಲ್ಲಿ ಮಕ್ಕಳ ಮನಃಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. ಸರಿಯಾದ ಮಾತು. ಆದರೆ ಹುಡುಗನ ಮನಸ್ಸನ್ನು ಅಳೆಯಲು ತಜ್ಞರು ಬೇಕು, ಅದನ್ನು ಗುಣಪಡಿಸಲು ಮಾತ್ರ ಬೇಡವೆಂದರೆ ಅದೆಂಥ ನ್ಯಾಯ?

ನೊಂದವರ ದುಃಖ ಸಣ್ಣದಲ್ಲ. ಅವರಿಗೆ ಚಿಕಿತ್ಸೆಯೆಂಬುದು ಕ್ಷಮೆಯಂತೆ ತೋರುವುದು ಸಹಜ. ಆದರೂ ವಿಶೇಷ ಗೃಹದ ಅವಧಿ ಹೆಚ್ಚೆಂದರೆ ಮೂರು ವರ್ಷ. ಅನಂತರ ಹುಡುಗನು ಅದೇ ಓಣಿಗೆ ಮರಳುವನು. ಬೇನೆಯನ್ನೂ ಹೊತ್ತು ಮರಳಿದರೆ ಅದರಿಂದ ಯಾರಿಗೆ ಹಿತ?

ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಬರಬೇಕಾಗಿಲ್ಲ. ಜಿಲ್ಲೆಯಲ್ಲಿಯೇ ಮನೋರೋಗಗಳಿಗೆ ಉಪಚಾರ ಸಾಧ್ಯವೆಂದು ಅದೇ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ತೊಡಕಿರುವುದು ಬೇರೆಡೆ. ಮಗನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಲು ತಾಯಿಯು ಒಂದು ದಿನದ ಕೂಲಿ ಬಿಡಬೇಕು. ಎರಡು ಸಲ ತಪ್ಪಿದರೆ 'ಸಹಕರಿಸಲಿಲ್ಲ' ಎಂಬ ಷರಾ ಬೀಳುತ್ತದೆ. ತಂದೆತಾಯಿಗಳು ಅಶಕ್ತರಾದಲ್ಲಿ ಬಾಲಕನನ್ನು 'ಯೋಗ್ಯ ವ್ಯಕ್ತಿ'ಯ ಆರೈಕೆಗೆ ಒಪ್ಪಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನಿವೃತ್ತ ಶಿಕ್ಷಕರು, ದಾದಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಮಂಡಳಿಯ ಮುಂದೆ ಹೋಗಿ ಹೆಸರು ಕೊಟ್ಟವರೆಷ್ಟು ಮಂದಿ?