ಆರು ಕೋಳಿಗಳ ಸಂಸಾರ

ಹೋದ ಸಂಚಿಕೆಯಲ್ಲಿ ಹಿತ್ತಲ ತರಕಾರಿಯ ವಿಷಯವಾಗಿ ನಾವು ನಾಲ್ಕು ಮಾತು ಬರೆದದ್ದು ವಾಚಕರಿಗೆ ನೆನಪಿರಬಹುದು. ಅದನ್ನೋದಿದ ಸಂಘದ ಮಿತ್ರರೊಬ್ಬರು, "ಬದನೆ, ಬಸಳೆಯ ಕಥೆಯಾಯಿತು. ನಿಮ್ಮ ಹಿತ್ತಲಲ್ಲಿ ಓಡಾಡುವವರ ಸುದ್ದಿ ಯಾವಾಗ?" ಎಂದು ಕೇಳಿದರು. ಓಡಾಡುವವರೆಂದರೆ ನಮ್ಮ ಕೋಳಿಗಳು. ಹೈದರಾಬಾದಿನ ಅಂಚಿನ ಬಡಾವಣೆಯೊಂದರ ಬಾಡಿಗೆ ಮನೆಯಲ್ಲಿ, ಮನೆಯ ಒಡೆಯರ ಒಪ್ಪಿಗೆ ಪಡೆದು, ನಾವು ಮೂರು ವರ್ಷಗಳಿಂದ ಆರು ಕೋಳಿಗಳನ್ನು ಸಾಕಿದ್ದೇವೆ. ಕಚೇರಿಯಲ್ಲಿ ನಮ್ಮ ಕೈಕೆಳಗೆ ಯಾರೂ ಇಲ್ಲ. ಮನೆಯಲ್ಲಿ ಈ ಆರು ಜೀವಗಳಿವೆ. ಅವೂ ನಮ್ಮ ಮಾತು ಕೇಳುವುದಿಲ್ಲವೆಂಬುದು ಬೇರೆ ಸಂಗತಿ.

ಗುಮಾಸ್ತರಾದವರು ಮೊದಲು ಲೆಕ್ಕ ಒಪ್ಪಿಸಬೇಕು. ಬೆಳೆದ ಕೋಳಿಯೊಂದು ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಆರಕ್ಕೆ ಸುಮಾರು 700 ಗ್ರಾಂ, ತಿಂಗಳಿಗೆ 20 ಕಿಲೋ ದಾಟಿತು. ಅಡಿಗೆಮನೆಯ ಸೊಪ್ಪಿನ ಕಡ್ಡಿ, ನುಚ್ಚು, ಮಿಕ್ಕ ರೊಟ್ಟಿ, ಹಿತ್ತಲ ಹುಳುಹುಪ್ಪಟೆ ಸೇರಿ ಅದರಲ್ಲಿ ಒಂದು ಭಾಗ ತುಂಬಿಕೊಳ್ಳಬಹುದು. ಉಳಿದದ್ದಕ್ಕೆ ದುಡ್ಡು ಬಿಚ್ಚಬೇಕು. ಇನ್ನು ಜಮಾ ಕಡೆ. ಒಂದು ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ಹೀಗಾಗಿ ಇಂದು ಬೆಳಿಗ್ಗೆ ಎಂಟಕ್ಕೆ ಇಟ್ಟದ್ದು ನಾಳೆ ಒಂಬತ್ತರ ಮೇಲೆ, ನಾಡಿದ್ದು ಇನ್ನೂ ತಡ. ಹೀಗೆ ಜಾರುತ್ತಾ ಹೋಗಿ ಒಂದು ದಿನ ರಜೆಯೇ ಹಾಕಿಬಿಡುತ್ತದೆ. ಚಳಿಗಾಲದಲ್ಲಿ ಹಗಲು ಕುಗ್ಗಿದಾಗ, ಹಳೆಯ ಗರಿ ಉದುರಿ ಹೊಸದು ಬರುವಾಗ, ವಾರಗಟ್ಟಲೆ ಬುಟ್ಟಿ ಖಾಲಿ. ಜವಾರಿ ಕೋಳಿ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಹೆಚ್ಚು. ಪೇಟೆಯ ಮೊಟ್ಟೆ ಇದಕ್ಕಿಂತ ಅಗ್ಗ. ಲಾಭಕ್ಕಾಗಿ ಕೋಳಿ ಸಾಕಬೇಕೆನ್ನುವವರು ಇಲ್ಲಿಗೆ ಓದುವುದನ್ನು ನಿಲ್ಲಿಸಿದರೂ ನಮಗೆ ಬೇಸರವಿಲ್ಲ.

ಹೆಚ್ಚು ಮೊಟ್ಟೆ ಬೇಕೆನ್ನುವವರಿಗೆ ಸುಧಾರಿತ ತಳಿಗಳಿವೆ. ನಮ್ಮೂರಿನ ರಾಜೇಂದ್ರನಗರದಲ್ಲಿ 1988ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ಸಂಸ್ಥೆಯವರು ವನರಾಜ, ಗ್ರಾಮಪ್ರಿಯ ಎಂಬ ತಳಿಗಳನ್ನು ಹಿತ್ತಲಿಗೆಂದೇ ರೂಪಿಸಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕನ್ನಡಿಗರಿಗೆ ಹೊಸದಲ್ಲ. ವನರಾಜ ವರ್ಷಕ್ಕೆ ನೂರರ ಮೇಲೆ ಮೊಟ್ಟೆ ಕೊಡಬಲ್ಲದು. ಆದರೆ ಈ ತಳಿಗಳಿಗೆ ಕಾವು ಕೂರುವ ಬುದ್ಧಿ ಕಡಿಮೆ. ಆದ್ದರಿಂದ ನಮ್ಮಲ್ಲಿ ಮೂರು ವನರಾಜ ಹೇಂಟೆ, ಎರಡು ಜವಾರಿ ಹೇಂಟೆ, ಒಂದು ಜವಾರಿ ಹುಂಜ ಎಂದು ಪಾಲು ಮಾಡಿದ್ದೆವು.

ಮರಿಗಳನ್ನು ತಂದ ಮೊದಲ ತಿಂಗಳು ಮನೆಯಲ್ಲಿ ಬಾಣಂತನ ನಡೆದಂತೆಯೇ. ಮೊದಲ ವಾರ ಅವುಗಳಿಗೆ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬೇಕು; ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಉಷ್ಣಮಾಪಕ ಇಲ್ಲದಿದ್ದರೆ ಮರಿಗಳನ್ನೇ ನೋಡಿದರಾಯಿತು. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಡ್ಡೆಯಾಗಿ ಚೀರುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ. ಎಲ್ಲೆಡೆ ಹರಡಿ ಆಡುತ್ತಿದ್ದರೆ ಕ್ಷೇಮ. ನೀರಿನ ತಟ್ಟೆಯಲ್ಲಿ ಗೋಲಿಗಾತ್ರದ ಕಲ್ಲು ಹಾಕಿಡಬೇಕು, ಇಲ್ಲದಿದ್ದರೆ ಮರಿ ಬಿದ್ದು ತೊಯ್ಯುತ್ತದೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಲೇಬಾರದು. ಒದ್ದೆ ಹಾಸಿನಿಂದ ರಕ್ತಭೇದಿ ತಗಲಿ ಒಂದೇ ವಾರದಲ್ಲಿ ಬುಟ್ಟಿ ಬರಿದಾಗುವುದುಂಟು.

ದೊಡ್ಡವಾದ ಮೇಲೆ ಚಿಂತೆಯ ರೂಪ ಬದಲಾಗುತ್ತದೆ. ಹಗಲಿಗೆ ಹದ್ದು, ನಾಯಿ. ರಾತ್ರಿಗೆ ಬೆಕ್ಕು, ಹೆಗ್ಗಣ. ಯಾವ ಹೊತ್ತಿಗಾದರೂ ಮುಂಗುಸಿ. ಅಂಗಡಿಯವರು ಕೊಡುವ ಅಗಲ ಕಣ್ಣಿನ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಶತ್ರು ಒಳಗೆ ಬರದಂತೆ ತಡೆಯುವುದಿಲ್ಲ. ಅರ್ಧ ಇಂಚಿನ ಕಣ್ಣಿನ ಗಟ್ಟಿ ಜಾಲರಿಯೇ ಬೇಕು. ಅದನ್ನು ಗೂಡಿನ ಸುತ್ತ ಒಂದು ಅಡಿ ನೆಲದೊಳಕ್ಕೂ ಇಳಿಸಬೇಕು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಹೊತ್ತು ಮುಳುಗುವ ಮೊದಲೇ ತಾನಾಗಿ ಗೂಡು ಸೇರುತ್ತದೆ. ಬಾಗಿಲು ಹಾಕುವುದಷ್ಟೇ ಮನುಷ್ಯರ ಕೆಲಸ, ಆದರೆ ಅದು ದಿನವೂ ತಪ್ಪದೆ ಆಗಬೇಕು. ಆ ಹೊತ್ತಿಗೆ ನಾವು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತೇವೆ. ಬಾಗಿಲು ಹಾಕುವವರು, ನೀರಿಡುವವರು, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಗೋಣಿಚೀಲ ತೋಯಿಸಿ ಗೂಡಿಗೆ ಹೊದಿಸುವವರು ನಮ್ಮ ಶ್ರೀಮತಿಯವರು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು ಎಂದು ನಮಗೆ ತಿಳಿಸಿದವರೂ ಅವರೇ. ಆದ್ದರಿಂದ 'ನಾವು ಕೋಳಿ ಸಾಕಿದ್ದೇವೆ' ಎಂದು ಇಲ್ಲಿ ಬರೆಯುವಾಗ ಆ ಬಹುವಚನದಲ್ಲಿ ದೊಡ್ಡ ಪಾಲು ಯಾರದೆಂದು ವಾಚಕರು ತಿಳಿದುಕೊಳ್ಳಬೇಕು.

ಮಕ್ಕಳ ಪಾಲು ನಾಮಕರಣ. ಚುಕ್ಕಿ, ಕರಿಯವ್ವ, ರಾಣಿ ಎಂದು ಹೆಸರಿಟ್ಟ ದಿನವೇ ಅವು ಅಡಿಗೆಯ ಲೆಕ್ಕದಿಂದ ಹೊರಗಾದವು. ರಾಯಚೂರು ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಅವ್ವ ಈ ಕಾನೂನು ಕೇಳಿ ಬೆರಗಾದಳು. ಮೇವಿನ ಲೆಕ್ಕದ ಪುಸ್ತಕವನ್ನೂ ನೋಡಿ, "ಊರಾಗ ಕೋಳಿ ನಮ್ಮನ್ನ ಸಾಕತಿದ್ದವೋ ತಮ್ಮಾ, ಇಲ್ಲಿ ನೀನು ಕೋಳಿ ಸಾಕಾಕತ್ತೀದಿ" ಎಂದಳು. ಊರಿನಲ್ಲಿ ಕೋಳಿ ಒಂದು ಮನೆಯದಾದರೂ ಮೇಯುತ್ತಿದ್ದುದು ಇಡೀ ಓಣಿಯಲ್ಲಿ; ಹದ್ದು ಬಂದರೆ ಯಾರು ಕಂಡರೋ ಅವರೇ ಕೂಗುತ್ತಿದ್ದರು. ಇಲ್ಲಿ ಗೋಡೆಯಾಚೆಗೆ ಹೋದ ಕೋಳಿ ಕೈಬಿಟ್ಟಂತೆಯೇ.

ಗೋಡೆಯಾಚೆ ಹೋಗುವುದು ಕೋಳಿ ಒಂದೇ ಅಲ್ಲ, ಹುಂಜದ ಕೂಗೂ ಹೋಗುತ್ತದೆ. ಎದುರು ಮನೆಯಲ್ಲಿ ನಿದ್ರೆ ಕಡಿಮೆಯಾದ ನಿವೃತ್ತ ವೃದ್ಧರೊಬ್ಬರಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೇ ನಿಮ್ಮ ಪುಂಜು ಎಬ್ಬಿಸುತ್ತದೆ ಎಂದು ಅವರು ತೆಲುಗಿನಲ್ಲಿ ದೂರಿದರು. ಪಾಲು ನಮ್ಮಲ್ಲಿ ಹಾಲಾದಂತೆ ಪುಂಜು ಹುಂಜವಾಗಿದೆ, ಕೂಗು ಮಾತ್ರ ಎರಡು ಭಾಷೆಗೂ ಒಂದೇ. ಬೆಳಕು ಕಂಡು ಹುಂಜ ಕೂಗುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ಅದರ ಮೈಯೊಳಗೇ ಒಂದು ಗಡಿಯಾರವಿದ್ದು, ಬೆಳಕಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಕೂಗುತ್ತದೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿಕೊಟ್ಟರು. ಕತ್ತಲೆ ಮಾಡಿ ಪ್ರಯೋಜನವಿಲ್ಲ. ಕತ್ತು ಪೂರ್ತಿ ಎತ್ತಲಾಗದಷ್ಟು ತಗ್ಗಿನ, ಗಾಳಿಯಾಡುವ ಪೆಟ್ಟಿಗೆಯಲ್ಲಿ ರಾತ್ರಿ ಮಲಗಿಸಿದರೆ ದನಿ ಅರ್ಧಕ್ಕಿಳಿಯುತ್ತದೆ. ಹಾಗೆ ಮಾಡಿದೆವು, ವೃದ್ಧರು ಪೂರ್ತಿ ಸಮಾಧಾನವಾಗದಿದ್ದರೂ ಮೌನವಾದರು. ಮೊಟ್ಟೆ ಇಡಲು ಹುಂಜವೇ ಬೇಕಿಲ್ಲ, ಮರಿಯಾಗಲು ಮಾತ್ರ ಬೇಕು ಎಂಬುದನ್ನು ಹೊಸಬರು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ಬೇನೆಯದು. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗವೆನ್ನುವುದಕ್ಕೆ ಪುಸ್ತಕದ ಹೆಸರು ರಾಣಿಖೇತ್ ರೋಗ. ಹಿಮಾಲಯದ ಮಡಿಲಿನ ರಾಣಿಖೇತ್ ಎಂಬ ಊರಿನ ಹೆಸರು 1920ರ ದಶಕದ ಕೊನೆಗೆ ಅದಕ್ಕೆ ಅಂಟಿಕೊಂಡಿತು. ಹಸಿರು ಭೇದಿ, ಏದುಸಿರು, ಜೋತ ರೆಕ್ಕೆ, ತಿರುಚಿದ ಕತ್ತು. ಬಂದ ಮೇಲೆ ಮದ್ದಿಲ್ಲ, ಬರದಂತೆ ಲಸಿಕೆಯುಂಟು. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಸುಮಾರಿಗೆ ರೆಕ್ಕೆಯ ಬಳಿ ಚುಚ್ಚುಮದ್ದು. ತೊಡಕಿರುವುದು ಬೇರೆಡೆ. ಲಸಿಕೆಯ ಸೀಸೆ ಸಾಮಾನ್ಯವಾಗಿ 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳ ಅಳತೆಯದು. ತರುವಾಗ ಮಂಜುಗಡ್ಡೆಯಲ್ಲಿ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಮ್ಮಲ್ಲಿರುವುದು ಆರು. ಆರಕ್ಕೆ ಹಾಕಿ ತೊಂಬತ್ತನಾಲ್ಕನ್ನು ಚೆಲ್ಲಿದ್ದೆವು.

ಹೋದ ವರ್ಷ ಬೇಸಿಗೆಯ ಮೊದಲಿಗೆ ಹಿಂದಿನ ಓಣಿಗೆ ಈ ಬೇನೆ ಬಂತು. ಅಲ್ಲಿ ಜವಾರಿ ಮೊಟ್ಟೆ ಮಾರಿ ಮಗಳನ್ನು ಶಾಲೆಗೆ ಕಳಿಸುತ್ತಿದ್ದ ಒಬ್ಬ ತಾಯಿ ಇದ್ದರು. ಅವರ ಹದಿನಾಲ್ಕು ಕೋಳಿಗಳು ಐದು ದಿನದಲ್ಲಿ ಹೋದವು. ನಮ್ಮ ಆರೂ ಉಳಿದವು. ನಮ್ಮ ಕೋಳಿ ಬದುಕಿದ್ದಕ್ಕೆ ಸಂತೋಷಪಡುವುದೂ ಆ ವಾರ ಕಷ್ಟವಾಯಿತು. ನಮಗೆ ಅದು ಹವ್ಯಾಸ, ಆಕೆಗೆ ಅದು ತಿಂಗಳ ಸಂಬಳ. ಪಶುವೈದ್ಯರು ಬಂದು ನೋಡಿ, ಸತ್ತವನ್ನು ಸುಣ್ಣ ಹಾಕಿ ಆಳದಲ್ಲಿ ಹೂಳಿಸಿ, ಗೂಡನ್ನು ತೊಳೆದು ಬಿಸಿಲಿಗೊಡ್ಡಿ ಕೆಲವು ತಿಂಗಳು ಖಾಲಿ ಬಿಡಲು ಹೇಳಿದರು.

ಆ ಮೇಲೆ ನಮ್ಮ ಶ್ರೀಮತಿಯವರು ಮನೆಮನೆಗೆ ಹೋಗಿ ಎಣಿಸಿಕೊಂಡು ಬಂದರು: ಎರಡು ಓಣಿಗಳ ಒಂಬತ್ತು ಮನೆಗಳಲ್ಲಿ ನಲವತ್ಮೂರು ಕೋಳಿ. ಒಂದು ಸೀಸೆ, ಒಂದು ಮುಂಜಾನೆ, ಒಂಬತ್ತು ಮನೆಯ ದುಡ್ಡು. ಹುಂಜದ ದೂರು ಹೇಳಿದ್ದ ವೃದ್ಧರೇ ಗಡಿಯಾರ ಹಿಡಿದು ಎರಡು ಗಂಟೆಯ ಲೆಕ್ಕ ನೋಡಿದರು. ಕೋಳಿಗಳನ್ನೆಲ್ಲ ಕಳೆದುಕೊಂಡ ಆ ತಾಯಿ, ಬೇನೆಯ ಮನೆಯಿಂದ ಬಂದರೆ ಕೇಡಾದೀತೆಂದು ತಾವೇ ಹೇಳಿ, ಬೀದಿಯಲ್ಲಿ ದೂರ ನಿಂತು ಯಾವ ಮನೆಯಲ್ಲಿ ಎಷ್ಟಾಯಿತೆಂದು ಎಣಿಸುತ್ತಿದ್ದರು.

ಮಳೆಗಾಲದಲ್ಲಿ ಕರಿಯವ್ವ ಕಾವಿಗೆ ಕೂತಿತು. ನಮ್ಮ ಜವಾರಿ ಹೇಂಟೆಗಳ ಹನ್ನೆರಡು ಮೊಟ್ಟೆ ಇಟ್ಟೆವು. ಇಪ್ಪತ್ತೊಂದನೆಯ ದಿನ ಒಂಬತ್ತು ಮರಿ ಹೊರಬಂದವು. ವಾರದ ಮರಿಗಳಿಗೆ ಲಸಿಕೆ ಹಾಕಿಸಿ, ಎರಡು ತಿಂಗಳು ಬೆಳೆಸಿ, ಎರಡನೆಯ ಲಸಿಕೆಯನ್ನೂ ಮುಗಿಸಿ, ಅವನ್ನು ಹಿಂದಿನ ಓಣಿಗೆ ಕಳಿಸಿದೆವು. ಮರಿಗಳೊಡನೆ ನಮ್ಮ ಹುಂಜವನ್ನೂ ಕೊಟ್ಟೆವು. ಅಲ್ಲಿ ಅದರ ಕೂಗಿಗೆ ಬೇಸರಪಡುವವರಿಲ್ಲ. ಹುಂಜದ ಜಾಗಕ್ಕೆ ನಮ್ಮಲ್ಲೊಂದು ಹೇಂಟೆ ಬಂತು. ಆ ತಾಯಿ ದುಡ್ಡು ಕೊಡಲು ಬಂದರು. ಬೇಡವೆಂದರೆ ಅವರಿಗೆ ಹಗುರವಾಗುತ್ತದೆ, ತೆಗೆದುಕೊಂಡರೆ ನಮಗೆ. ಕೊನೆಗೆ ಅವರೇ ದಾರಿ ತೋರಿಸಿದರು: ನಾವು ಊರಿಗೆ ಹೋದಾಗ ನಮ್ಮ ಗೂಡಿನ ಬಾಗಿಲು ಹಾಕಿ ತೆಗೆಯುವ ಹೊಣೆ ಅವರದು.

ಪರಸ್ಥಳದಲ್ಲಿರುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ. ಬೇಸಿಗೆ ರಜೆಗೆ, ಮದುವೆಗೆ, ಹಿರಿಯರ ಕಾಯಿಲೆಗೆ ಊರ ಬಸ್ಸು ಹತ್ತಬೇಕಾದಾಗ ಕೋಳಿಯನ್ನು ಗಂಟು ಕಟ್ಟಿಕೊಂಡು ಹೋಗಲಾಗುವುದಿಲ್ಲ, ಬೀಗ ಹಾಕಿ ಹೋಗಲೂ ಆಗುವುದಿಲ್ಲ. ಕೋಳಿ ಸಾಕಬೇಕೆನ್ನುವ ಮಿತ್ರರಿಗೆ ನಮ್ಮ ಸಲಹೆ ಇಷ್ಟೆ: ಜಾಲರಿ ಕೊಳ್ಳುವ ಮೊದಲು ನೆರೆಮನೆಗಳಿಗೆ ಒಂದು ಸುತ್ತು ಹೋಗಿ ಬನ್ನಿ. ಸಂಜೆ ಬಾಗಿಲು ಹಾಕುವವರು ಯಾರು, ಸೀಸೆಯಲ್ಲಿ ಪಾಲು ಯಾರದು, ಕೂಗಿಗೆ ಬೇಸರ ಯಾರಿಗೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಮರಿ ತನ್ನಿ. ಒಟ್ಟೊಟ್ಟಿಗೆ ಅನೇಕ ಕೋಳಿಗಳು, ಕಾಗೆಗಳು ಸಾಯುವುದು ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2025ರಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಕಂಡ ಹಕ್ಕಿಜ್ವರ ಮರೆಯುವಂಥದಲ್ಲ.

ಮುಂದಿನ ಸಂಚಿಕೆಯಲ್ಲಿ ಕೋಳಿಗೊಬ್ಬರ ಮತ್ತು ಬದನೆಗಿಡದ ನಂಟಿನ ವಿಷಯ ಬರೆಯುವ ಮನಸ್ಸಿದೆ. ಹಸಿ ಗೊಬ್ಬರವನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಅಲ್ಲಿಯ ತನಕ ಒಣ ಎಲೆಯೊಡನೆ ಸೇರಿಸಿ ಗುಂಡಿಯಲ್ಲಿ ಕೊಳೆಯಲು ಬಿಟ್ಟಿರಿ.